ಲಾಡ್ಜ್ ಕೋಣೆಯಲ್ಲಿ ತಿಗಣೆ ಇದೆಯೇ ಎಂದು ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮುಂದಿನ ತಿಂಗಳು ವಯಸ್ಸಾದ ಅತ್ತೆ ಮಾವನವರನ್ನು ಕರೆದುಕೊಂಡು ಕಾಶಿ, ಪ್ರಯಾಗ, ಗಯಾ ಯಾತ್ರೆಗೆ ಹೊರಟಿದ್ದೇವೆ. ಮೂರು ಊರುಗಳಲ್ಲಿಯೂ ಲಾಡ್ಜ್‌ಗಳಲ್ಲಿ ಉಳಿಯಬೇಕಾಗುತ್ತದೆ. ಇಂಥದೇ ಒಂದು ಪ್ರವಾಸ ಮುಗಿಸಿ ಬಂದ ಮೇಲೆ ನಮ್ಮ ನಾದಿನಿಯ ಮನೆಗೆ ತಿಗಣೆ ಹೊಕ್ಕು, ಮಂಚ ಸೋಫಾಗಳನ್ನು ಹೊರಗೆ ಹಾಕುವಷ್ಟು ಕಾಟವಾಯಿತು. ಕೋಣೆಯ ಬೀಗದ ಕೈ ಪಡೆದ ಮೇಲೆ, ಸಾಮಾನು ಬಿಚ್ಚುವ ಮೊದಲು, ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಅಮ್ಮ. ನೀವು "ಸಾಮಾನು ಬಿಚ್ಚುವ ಮೊದಲು" ಎಂದು ಕೇಳಿದ್ದೀರಿ. ನಾನು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಸಾಮಾನನ್ನು ಕೋಣೆಯೊಳಗೆ ತರುವ ಮೊದಲೇ ನೋಡಿ ಎನ್ನುತ್ತೇನೆ. ಹಿರಿಯರನ್ನು ಕೆಳಗೆ ಕೌಂಟರಿನ ಬಳಿ ಕೂರಿಸಿ, ಚೀಲಗಳನ್ನು ಅವರ ಹತ್ತಿರವೇ ಬಿಟ್ಟು, ಒಬ್ಬರು ಮಾತ್ರ ಮೊಬೈಲಿನ ಟಾರ್ಚ್ ಹಿಡಿದು ಮೇಲೆ ಹೋಗಿ ಬಂದರೆ ಸಾಕು. ಹತ್ತು ನಿಮಿಷದ ಕೆಲಸ. ಸಾಮಾನನ್ನು ಒಳಗೆ ತರಲೇಬೇಕಾದರೆ ಸ್ನಾನದ ಮನೆಯ ಒಣ ಮೂಲೆಯಲ್ಲಿ ಇಡಿ. ಅಲ್ಲಿ ಅಡಗುವ ಜಾಗ ಕಡಿಮೆ, ಮಲಗುವ ಜಾಗವೂ ದೂರ. ಟೈಲ್ಸ್ ನುಣುಪಾಗಿರುವುದರಿಂದ ತಿಗಣೆ ಹತ್ತಲಾರದು ಎಂದು ಕೆಲವರು ಹೇಳುವುದನ್ನು ಮಾತ್ರ ನಂಬಬೇಡಿ. ನಮ್ಮ ದೇಶದ ಬಿಸಿ ಪ್ರದೇಶಗಳಲ್ಲಿ ಹೆಚ್ಚಾಗಿ ಸಿಗುವ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿಯು ತಂಪು ದೇಶಗಳ ತಿಗಣೆಗಿಂತ ಚೆನ್ನಾಗಿ ನುಣುಪು ಮೈಯನ್ನು ಹತ್ತಬಲ್ಲದು.

ಕೀಟ ನಿಯಂತ್ರಣದ ಕೆಲಸಕ್ಕಾಗಿ ಲಾಡ್ಜ್, ಹಾಸ್ಟೆಲ್‌ಗಳಿಗೆ ಹೋಗುವ ನಾನು ಮೊದಲು ನೋಡುವುದು ಹಾಸಿಗೆಯನ್ನಲ್ಲ, ತಲೆದೆಸೆಯ ಹಲಗೆಯನ್ನು. ಹಾಸಿಗೆಯ ಮೇಲಿನ ಬಿಳಿ ಹೊದಿಕೆಯನ್ನು ಒಗೆದು ಬದಲಿಸುತ್ತಲೇ ಇರುತ್ತಾರೆ. ಅದು ಶುಭ್ರವಾಗಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ತಲೆದೆಸೆಯ ಹಲಗೆಯ ಹಿಂಬದಿಯನ್ನು ಯಾರೂ ಒರೆಸುವುದಿಲ್ಲ. ಮಲಗಿದವರ ಉಸಿರಿನ ಇಂಗಾಲದ ಡೈ ಆಕ್ಸೈಡ್ ಮತ್ತು ಮೈಯ ಬಿಸಿಯನ್ನು ಹಿಡಿದು ಬರುವ ಈ ಕೀಟಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಮತ್ತೊಂದಿಲ್ಲ. ಹಲಗೆಗೂ ಗೋಡೆಗೂ ನಡುವಿನ ಸಂದಿಗೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ. ಹಳೆಯ ವಿಸಿಟಿಂಗ್ ಕಾರ್ಡೊಂದನ್ನು ಸಂದಿಯೊಳಗೆ ತೂರಿಸಿ ಉದ್ದಕ್ಕೂ ಎಳೆದರೆ, ಒಳಗೆ ಏನಾದರೂ ಇದ್ದಲ್ಲಿ ಕಾರ್ಡಿನ ಅಂಚಿಗೆ ಹತ್ತಿಕೊಂಡೋ ಗಾಬರಿಯಿಂದ ಓಡುತ್ತಲೋ ಹೊರಗೆ ಬರುತ್ತದೆ.

ಅನಂತರ ತಲೆದೆಸೆಯ ಎರಡೂ ಮೂಲೆಗಳಲ್ಲಿ ಹೊದಿಕೆಯನ್ನು ಪೂರ್ತಿಯಾಗಿ ಎಳೆದು, ಹಾಸಿಗೆಯ ಅಂಚಿನ ಹೊಲಿಗೆಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಕಂಪನಿಯ ಚೀಟಿ ಹೊಲಿದಿರುವ ಜಾಗವನ್ನು ಬಿಡಬೇಡಿ. ಹಾಸಿಗೆಯನ್ನು ಒಂದು ಬದಿಯಿಂದ ಎತ್ತಿದರೆ ಕೆಳಗಿನ ಪ್ಲೈವುಡ್ ಹಲಗೆ, ಮಂಚದ ಕೀಲುಗಳು, ಸ್ಕ್ರೂ ಹೊಡೆದ ತೂತುಗಳು ಕಾಣುತ್ತವೆ. ಕಾಣಬೇಕಾದ ಗುರುತುಗಳು ಬಹುಪಾಲು ಅಲ್ಲಿಯೇ ಇರುತ್ತವೆ. ಪಕ್ಕದ ಮೇಜಿನ ಖಾನೆ, ಮಂಚದ ಮೇಲಿನ ಚಿತ್ರದ ಚೌಕಟ್ಟು, ಬೆತ್ತದ ಕುರ್ಚಿಯ ಹೆಣಿಗೆ, ಚೀಲ ಇಡುವ ಸ್ಟ್ಯಾಂಡಿನ ಪಟ್ಟಿಗಳು, ಇವಿಷ್ಟನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು.

ಇನ್ನು ಏನನ್ನು ನೋಡಬೇಕು ಎಂಬುದು. ಜೀವಂತ ತಿಗಣೆಯೇ ಕಾಣಬೇಕೆಂದು ಹುಡುಕಿದರೆ ನಿರಾಶೆಯಾಗುತ್ತದೆ, ಏಕೆಂದರೆ ಹಗಲಿನಲ್ಲಿ ಅದು ಹೊರಗೆ ಬರುವುದು ಕಡಿಮೆ. ಬೆಳೆದ ತಿಗಣೆ ಸುಮಾರು 5 ಮಿ.ಮೀ. ಉದ್ದದ, ಚಪ್ಪಟೆಯಾದ ಕಂದು ಹುಳು. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಾಗುತ್ತದೆ. ಈಗಷ್ಟೇ ಹೊರಬಂದ ಮರಿಗೆ ಬಣ್ಣವೇ ಇಲ್ಲವೆನ್ನಬೇಕು. ಮೊಟ್ಟೆ ಬೆಳ್ಳಗೆ, ಸುಮಾರು 1 ಮಿ.ಮೀ. ಉದ್ದವಾಗಿದ್ದು ಸಂದಿಗಳಲ್ಲಿ ಅಂಟಿಕೊಂಡಿರುತ್ತದೆ. ಇವೆಲ್ಲಕ್ಕಿಂತ ಸುಲಭವಾಗಿ ಸಿಗುವುದು ಹಿಕ್ಕೆಯ ಗುರುತು: ಬಟ್ಟೆಗೆ ಪೆನ್ನಿನ ಶಾಯಿ ತಾಕಿ ಹೀರಿಕೊಂಡಂತೆ ಕಾಣುವ ಕಪ್ಪು ಚುಕ್ಕೆಗಳು, ಒಂದೇ ಕಡೆ ಗುಂಪಾಗಿ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಅವು ತುಕ್ಕಿನ ಬಣ್ಣಕ್ಕೆ ಹರಡುತ್ತವೆ, ಏಕೆಂದರೆ ಅದು ಜೀರ್ಣವಾದ ರಕ್ತ. ಜಿರಲೆಯ ಹಿಕ್ಕೆಯಾದರೆ ಒಣಗಿದ ಹರಳಿನಂತಿದ್ದು, ಕೊಡವಿದರೆ ಉದುರುತ್ತದೆ. ಮರಿಯು ಬೆಳೆಯುವ ತನಕ ಐದು ಸಲ ಪೊರೆ ಬಿಡುತ್ತದೆಯಾದ್ದರಿಂದ, ತೆಳು ಹಳದಿ ಬಣ್ಣದ ಖಾಲಿ ಪೊರೆಗಳೂ ನಂಬಬಹುದಾದ ಸಾಕ್ಷಿ. ವಾಸನೆಯನ್ನು ಆಧಾರವಾಗಿ ಹಿಡಿಯಬೇಡಿ. ತಿಗಣೆ ಬಹಳ ಹೆಚ್ಚಿದಾಗ ಮಾತ್ರ ಅದು ಬರುತ್ತದೆ, ಅದನ್ನೂ ರೂಮ್ ಫ್ರೆಶ್‌ನರ್ ಮುಚ್ಚಿಬಿಡುತ್ತದೆ.

ಗುರುತು ಸಿಕ್ಕರೆ ಫೋಟೊ ತೆಗೆದು ಮ್ಯಾನೇಜರಿಗೆ ತೋರಿಸಿ, ಬೇರೆ ಕೋಣೆ ಕೇಳಿ. ಆದರೆ ಅದೇ ಗೋಡೆಗೆ ಅಂಟಿದ ಪಕ್ಕದ ಕೋಣೆ, ನೇರ ಮೇಲಿನ ಅಥವಾ ಕೆಳಗಿನ ಕೋಣೆ ಬೇಡವೆನ್ನಿ. ವೈರಿನ ಪೈಪು, ಗೋಡೆಯ ಬಿರುಕುಗಳ ಮೂಲಕ ತಿಗಣೆ ನಡೆದು ಹೋಗುತ್ತದೆ. ಹೊಸ ಕೋಣೆಯನ್ನೂ ಇದೇ ಕ್ರಮದಲ್ಲಿ ನೋಡಿಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ನಾವು ಒಳ್ಳೆಯ ಬಾಡಿಗೆ ಕೊಟ್ಟು ದೊಡ್ಡ ಹೋಟೆಲಿನಲ್ಲಿಯೇ ಉಳಿಯುತ್ತೇವೆ ಸರ್. ಅಲ್ಲಿಯೂ ಇಷ್ಟೆಲ್ಲ ನೋಡಬೇಕೇ?

ಉತ್ತರ: ನೋಡಬೇಕು. ತಿಗಣೆ ತಿನ್ನುವುದು ಕೊಳೆಯನ್ನಲ್ಲ, ರಕ್ತವನ್ನು. ಅದು ಬರುವುದು ಹಿಂದಿನ ಅತಿಥಿಯ ಚೀಲದಲ್ಲಿ, ಮತ್ತು ಆ ಅತಿಥಿ ಎಲ್ಲಿ ಮಲಗಿ ಬಂದಿದ್ದಾರೆ ಎಂಬುದು ಬಾಡಿಗೆಯಿಂದ ತಿಳಿಯುವುದಿಲ್ಲ. 2023ರಲ್ಲಿ ಪ್ಯಾರಿಸ್ ನಗರದ ಹೋಟೆಲು, ಸಿನಿಮಾ ಮಂದಿರ, ರೈಲುಗಳ ತಿಗಣೆಯ ಸುದ್ದಿ ಜಗತ್ತಿನ ತುಂಬ ಹರಡಿದ್ದು ನೆನಪಿರಬಹುದು. ದೊಡ್ಡ ಹೋಟೆಲುಗಳಲ್ಲಿ ತಲೆದೆಸೆಯ ಹಲಗೆಗೆ ಮೆತ್ತೆ ಹೊಲಿದು ಗೋಡೆಗೇ ಬಿಗಿದಿರುತ್ತಾರೆ. ನನ್ನ ಮಟ್ಟಿಗೆ, ತಪಾಸಣೆಗೆ ಅದು ಸಾದಾ ಕಬ್ಬಿಣದ ಮಂಚಕ್ಕಿಂತ ಕಷ್ಟ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಚೀಲದಲ್ಲಿ ನುಸಿಗುಳಿಗೆ ಇಟ್ಟುಕೊಂಡರೆ, ಅಥವಾ ಅಂಗಡಿಯಲ್ಲಿ ಸಿಗುವ ಸ್ಪ್ರೇ ಹೊಡೆದುಕೊಂಡರೆ ಆಗುವುದಿಲ್ಲವೇ? ದೀಪ ಹಾಕಿಕೊಂಡು ಮಲಗಿದರೆ ಕಚ್ಚುವುದಿಲ್ಲವೆಂದೂ ಕೇಳಿದ್ದೇನೆ.

ಉತ್ತರ: ಹಸಿದ ತಿಗಣೆ ದೀಪಕ್ಕೆ ಹೆದರುವುದಿಲ್ಲ. ನುಸಿಗುಳಿಗೆಯನ್ನು ನಂಬಿ ಚೀಲವನ್ನು ಮಂಚದ ಮೇಲೆ ಇಡುವ ಹಾಗಿಲ್ಲ. ಸ್ಪ್ರೇ ವಿಷಯದಲ್ಲಿ, ಈ ಕೀಟಕ್ಕೆ ವಿಷವನ್ನು ತಾಳಿಕೊಳ್ಳುವ ಶಕ್ತಿ ಬಹಳ ಬೇಗ ಬರುತ್ತದೆ. ಡಿಡಿಟಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1940ರ ದಶಕ ಮುಗಿಯುವ ಮೊದಲೇ, ಹವಾಯಿಯಲ್ಲಿ ಅದಕ್ಕೆ ಬಗ್ಗದ ತಿಗಣೆಗಳು ಕಂಡವು. ಇಂದಿನ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್‌ಗಳಿಗೂ ಅನೇಕ ದೇಶಗಳಲ್ಲಿ ಅದೇ ಗತಿಯಾಗಿದೆ. ಮಲಗುವ ಹಾಸಿಗೆಗೆ ಹೊಡೆದರೆ ತೊಂದರೆ ನಿಮಗೇ ಹೆಚ್ಚು. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯಲ್ಲಿ ತಿಗಣೆಗೆ ಬಳಸುವವರಿದ್ದಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬ ಉಪಕಾರವಾಯಿತು ಸರ್. ಇಷ್ಟೆಲ್ಲ ನೋಡಿಯೂ ತಪ್ಪಿಹೋಗಿ, ಬೆಳಿಗ್ಗೆ ಮೈಮೇಲೆ ಗಂಧೆ ಎದ್ದರೆ, ಊರಿಗೆ ಬಂದ ಮೇಲೆ ಏನು ಮಾಡಬೇಕು? ನಮ್ಮಲ್ಲಿ ಬಟ್ಟೆ ಒಣಗಿಸುವ ಯಂತ್ರವಿಲ್ಲ.

ಉತ್ತರ: ಗಂಧೆಯೊಂದನ್ನೇ ನೋಡಿ ತಿಗಣೆಯೋ ಸೊಳ್ಳೆಯೋ ಎಂದು ಹೇಳಲಾಗುವುದಿಲ್ಲ. ಕೆಲವರಿಗೆ ಕಲೆಯೇ ಏಳುವುದಿಲ್ಲ, ಕೆಲವರಿಗೆ ಕೆಲವು ದಿನ ಕಳೆದ ಮೇಲೆ ಏಳುತ್ತದೆ. ಆದ್ದರಿಂದ ಬೆಳಿಗ್ಗೆ ಹಾಸಿಗೆಯನ್ನು ಇನ್ನೊಮ್ಮೆ ನೋಡಿ ಖಚಿತಮಾಡಿಕೊಳ್ಳಿ. ತಿಗಣೆ ಕಚ್ಚುವುದರಿಂದ ಮನುಷ್ಯರಿಗೆ ರೋಗ ಹರಡುತ್ತದೆಂದು ಸಿದ್ಧವಾಗಿಲ್ಲ. ಕೆರೆದು ಹುಣ್ಣಾದರೆ, ಊತ ಹೆಚ್ಚಿದರೆ ವೈದ್ಯರಿಗೆ ತೋರಿಸಿ.

ಪ್ರವಾಸದ ಉದ್ದಕ್ಕೂ ಉಟ್ಟು ಬಿಟ್ಟ ಬಟ್ಟೆಯನ್ನು ನೆಲದ ಮೇಲೆ ರಾಶಿ ಹಾಕದೆ, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿಡಿ. ಮೈವಾಸನೆ ಹಿಡಿದ ಬಟ್ಟೆಯ ಕಡೆಗೆ ತಿಗಣೆ ಹೆಚ್ಚಾಗಿ ಹೋಗುತ್ತದೆಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡಿದ್ದಾರೆ. ಮನೆಗೆ ಬಂದಾಗ ಚೀಲವನ್ನು ಮಲಗುವ ಕೋಣೆಗೆ ಒಯ್ಯದೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಬಿಚ್ಚಿ. ತಿಗಣೆಗೂ ಅದರ ಮೊಟ್ಟೆಗೂ ತಡೆಯಲಾಗದ್ದು ಬಿಸಿ: ಒಗೆಯಬಹುದಾದ ಬಟ್ಟೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದರೆ ಎರಡೂ ಸಾಯುತ್ತವೆ, ನಮ್ಮ ಹಂಡೆಯ ನೀರು ಅದಕ್ಕೆ ಧಾರಾಳವಾಗಿ ಸಾಕು. ರೇಷ್ಮೆ ಸೀರೆಯಂಥದಕ್ಕೆ ಹದವಾಗಿ ಇಸ್ತ್ರಿ ಹಾಕಿಸಿ, ಅಂಚು, ಮಡಿಕೆಗಳನ್ನು ಬಿಡದೆ. ಪುಸ್ತಕ, ಚರ್ಮದ ಪರ್ಸುಗಳನ್ನು ಕವರಿನಲ್ಲಿ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಚೀಲವನ್ನು ಬಿಸಿಲಿಗೆ ಹಾಕುವುದು ನಮ್ಮ ಹಳೆಯ ರೂಢಿ, ಮಾಡಿ; ಆದರೆ ಬಿಸಿ ಒಳಪದರಕ್ಕೆ ಸಮನಾಗಿ ತಲುಪದಿದ್ದರೆ ಹುಳು ನೆರಳಿನ ಬದಿಗೆ ಸರಿದು ಉಳಿದುಕೊಳ್ಳುತ್ತದೆ. ಹೊಲಿಗೆ, ಜಿಪ್, ಚಕ್ರದ ಸಂದುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ವ್ಯಾಕ್ಯೂಮ್ ಇದ್ದರೆ ಹಿಡಿದು, ಚೀಲವನ್ನು ದೊಡ್ಡ ಕವರಿನಲ್ಲಿ ಕಟ್ಟಿಡಿ. ತಿಂಗಳು ಕಳೆದರೆ ಹಸಿದು ಸಾಯುತ್ತದೆಂದು ಅಟ್ಟಕ್ಕೆ ಎಸೆಯುವುದು ಸರಿಯಲ್ಲ, ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು.

ಗರ್ಭ ಕಟ್ಟಿದ ಒಂದೇ ಹೆಣ್ಣು ಬಂದರೂ ಸಂತಾನ ಬೆಳೆಯುತ್ತದೆ, ಮತ್ತು ನಮ್ಮ ಹವೆಯಲ್ಲಿ ಮೊಟ್ಟೆ ಒಡೆಯಲು ವಾರ, ಹತ್ತು ದಿನ ಸಾಕು. ಆದ್ದರಿಂದ ಯಾತ್ರೆಯಿಂದ ಬಂದ ಮೇಲೆ ಒಂದೂವರೆ ತಿಂಗಳ ತನಕ ವಾರಕ್ಕೊಮ್ಮೆ ನಿಮ್ಮ ಮನೆಯ ಮಂಚದ ತಲೆದೆಸೆಯನ್ನೂ ಟಾರ್ಚ್ ಹಿಡಿದು ನೋಡಿ. ಗುರುತು ಕಂಡರೆ ಮಂಚವನ್ನು ಇನ್ನೊಂದು ಕೋಣೆಗೆ ಸಾಗಿಸಬೇಡಿ, ತಿಗಣೆಯೂ ಅದರೊಂದಿಗೆ ಆ ಕೋಣೆಗೆ ಹರಡುತ್ತದೆ. ಅದನ್ನು ಇದ್ದಲ್ಲಿಯೇ ಬಿಟ್ಟು ಪರವಾನಗಿ ಇರುವ ಕೀಟ ನಿಯಂತ್ರಕರನ್ನು ಕರೆಸಿ. ಬಂದವರು ಒಂದೇ ಸಲ ಸಿಂಪಡಿಸಿ ಮುಗಿಯಿತು ಎಂದರೆ, ಮೊಟ್ಟೆಯಿಂದ ಹೊರಬರುವ ಮರಿಗಳಿಗಾಗಿ ಎರಡು ವಾರದ ನಂತರ ಮತ್ತೆ ಬರುತ್ತೀರಾ ಎಂದು ಕೇಳಿ.