ಅಪ್‌ಡೇಟ್: ಕೆಂಪುಕಲ್ಲಿನ ಮೇಲೆ ಕೂತಿದ್ದ ಕಾರಿಗೆ ಕಾಲು ಬಂತು

ಮಂಗಳೂರಿನ ಕದ್ರಿಯಲ್ಲಿ ರಾತ್ರಿ ನಿಲ್ಲಿಸಿದ್ದ ನನ್ನ ಪೋರ್ಶೆ 718 ಕೇಮನ್‌ನ ನಾಲ್ಕೂ ಚಕ್ರ ಕದ್ದು ಹೋಗಿದ್ರು, ಯಾವ ಟೈರ್ ಹಾಕ್ಲಿ ಅಂತ ಕೇಳಿದ್ದೆನಲ್ಲ ಮಾರಾಯ್ರೇ, ಅದರ ಮುಂದಿನ ಕತೆ.

ಚಕ್ರ ಸಿಗ್ಲಿಲ್ಲ. ಎಫ್‌ಐಆರ್ ಕೊಟ್ಟ ಮೇಲೆ ಇನ್ಶೂರೆನ್ಸ್ ಬಂತು, ಟೈರಿಗೆ 50% ಸವಕಳಿ ಕಳೆದು. 18 ಇಂಚಿನ ಅಲಾಯ್ ಹಾಕಿಸಿದೆ. ಟೈರಿನ ಅಳತೆ ಮುಂದೆ 235/45, ಹಿಂದೆ ಇನ್ನೂ ಅಗಲದ 265/45. ಹಾಗಾಗಿ ಹಿಂದೆ ಮುಂದೆ ಅದಲುಬದಲು ಮಾಡುವ ಹಾಗಿಲ್ಲ. ರೇಸಿನ ಟ್ರ್ಯಾಕ್ ಟೈರಿನ ಆಸೆ ಬಿಟ್ಟೆ, ನಮ್ಮ ಆಟಿ ತಿಂಗಳ ಜೋರು ಮಳೆಗೆ ಅದು ಜಾರುಬಂಡಿಯೇ. ಪೋರ್ಶೆಯವರೇ ಒಪ್ಪಿದ್ದು ಅಂತ ತೋರಿಸುವ ‘ಎನ್’ ಗುರುತು ಇರುವ ರೋಡ್ ಟೈರೇ ತಗೊಂಡೆ. ಮೊದಲ ಅಂಗಡಿಯಲ್ಲಿ ತೋರಿಸಿದ್ದರ ಮೇಲೆ 1819 ಅಂತ ಇತ್ತು, ಅಂದ್ರೆ 2019ರ 18ನೇ ವಾರ ತಯಾರಾದ ಹಳೇ ಮಾಲು. ಎದ್ದು ಬಂದೆ.

ಈಗ ಚಕ್ರಕ್ಕೆ ಲಾಕಿಂಗ್ ಬೋಲ್ಟ್ ಉಂಟು, ಅದರದ್ದೇ ಕೀ ಇಲ್ಲದೆ ಬಿಚ್ಚುವುದು ಕಷ್ಟ. ಕಳ್ಳರು ಕಾರಿನಡಿ ಇಟ್ಟು ಹೋದ ಕೆಂಪುಕಲ್ಲನ್ನು ಅಮ್ಮ ತುಳಸಿಕಟ್ಟೆಯ ಸುತ್ತ ಜೋಡಿಸಿದ್ದಾರೆ.