ಚೆನ್ನೈನಲ್ಲಿ ಮೊದಲ ಕೆಲಸ, ತಮಿಳು ಬರಲ್ಲ: ಹೋಗಿದ್ದವರು ಹೇಳಿ

ದಾವಣಗೆರೆ ಹುಡುಗ:
ಈ ವರ್ಷ ಬಿಇ ಮುಗೀತು. ಸಿರುಸೇರಿಯಲ್ಲಿ ಕೆಲಸ ಸಿಕ್ಕಿದೆ, ಕೈಗೆ 26,000. ತಮಿಳು ಒಂದಕ್ಷರ ಬರಲ್ಲ, ಗುರುತಿನವರು ಯಾರೂ ಇಲ್ಲ. ಮೊದಲು ಪಿಜಿ ಹಿಡಿಯೋದಾ, ರೂಮಾ? ಅನುಭವ ಇದ್ದವರು ಹೇಳಿ.

ಹಾಸನದವ:
ತಮಿಳು ಹೇಗೋ ಆಗುತ್ತೆ ಕಣ್ರೀ, ಅಡ್ವಾನ್ಸ್ ಕತೆ ಕೇಳಿ. ಶೋಲಿಂಗನಲ್ಲೂರಲ್ಲಿ ಒಂದು ಬೆಡ್‌ರೂಮಿನ ಮನೆ, ಬಾಡಿಗೆ 9,500. ಅಡ್ವಾನ್ಸ್ 60,000, ಅಪ್ಪ ಚೀಟಿ ಎತ್ತಿ ಕೊಟ್ಟಿದ್ದು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಬೇರೆ. ಖಾಲಿ ಮಾಡುವಾಗ ಓನರ್ ಹಿಡಿದುಕೊಂಡ ಲೆಕ್ಕ: ಪೇಂಟಿಂಗ್‌ಗೆ 9,500, ಗೀಸರ್ 3,200, ಕ್ಲೀನಿಂಗ್ 1,500, ನೋಟಿಸ್ ಕಮ್ಮಿ ಆಯ್ತು ಅಂತ ಅರ್ಧ ತಿಂಗಳು 4,750. ವಾಪಸ್ ಬಂದಿದ್ದು 41,050, ಅದೂ ಮೂರು ಕಂತಲ್ಲಿ. ಗೀಸರ್ ನಾನು ಹೋಗುವ ಮೊದಲೇ ಕೆಟ್ಟಿತ್ತು! ದುಡ್ಡು ಇಸ್ಕೊಳ್ಳುವಾಗ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಿದ್ದ ಮನುಷ್ಯ, ಕೊಡುವಾಗ ತಮಿಳು ಬಿಟ್ಟು ಬಾಯೇ ತೆಗೀಲಿಲ್ಲ.

ಕರೆಂಟ್ ಇನ್ನೊಂದು. ಅಲ್ಲಿ ಮನೆಗಳಿಗೆ ಎರಡು ತಿಂಗಳ ಬಿಲ್ಲಲ್ಲಿ ಮೊದಲ 100 ಯೂನಿಟ್ ಸರ್ಕಾರ ಫ್ರೀ ಕೊಡುತ್ತೆ. ನಮ್ಮ ಓನರ್ ಸಬ್ ಮೀಟರ್ ಹಾಕಿ ಮೊದಲ ಯೂನಿಟ್‌ನಿಂದಲೇ 10 ರೂಪಾಯಿ ಎಳೀತಿದ್ದ.

ಉಡುಪಿಯವಳು:
ಅಗ್ರಿಮೆಂಟ್ ಓದದೆ ಸಹಿ ಹಾಕಿ ಆಮೇಲೆ ಊರನ್ನು ಬೈಯುವುದು ಎಂತಕ್ಕೆ ಮಾರಾಯ್ರೇ? ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳಬಾರದು ಅಂತ ಉಂಟು.

ನಾನು ಪೆರುಂಗುಡಿಯ ಲೇಡೀಸ್ ಪಿಜಿಯಲ್ಲಿದ್ದೆ, ಊಟ ಸೇರಿ 7,500. ಭಾಷೆ ಕಲಿಸಿದ್ದು ಅಡುಗೆಯ ಅಕ್ಕ. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ನನಗೆ ಹಸಿವಾಗ್ತಿತ್ತು, ಕಲಿಯದೆ ಗತಿ ಇರಲಿಲ್ಲ. ಊಟಕ್ಕೂ ನನಗೆ ಕಷ್ಟ ಆಗಲಿಲ್ಲ, ಅವರೂ ಕುಚ್ಚಲಕ್ಕಿ ಉಣ್ಣುವವರೇ.

ಕಷ್ಟ ಅಂದರೆ 2019ರ ಬೇಸಿಗೆ. ಊರಿಗೆ ನೀರು ಕೊಡುವ ಕೆರೆಗಳೆಲ್ಲ ಒಣಗಿ, ಜೋಲಾರ್‌ಪೇಟೆಯಿಂದ ರೈಲಲ್ಲಿ ನೀರು ತಂದರಲ್ಲ, ಆಗ. ಪಿಜಿಯಲ್ಲಿ ತಲೆಗೆ ಒಂದು ಬಕೆಟ್. ಟ್ಯಾಂಕರ್ ಖರ್ಚು ಅಂತ ಬಾಡಿಗೆಗೆ 500 ಸೇರಿಸಿದರು, ಮಳೆ ಬಂದ ಮೇಲೆ ಇಳಿಸಲಿಲ್ಲ. ಆಫೀಸಿನವರು ‘ಮನೆಯಿಂದಲೇ ಕೆಲಸ ಮಾಡಿ, ಇಲ್ಲಿ ನೀರಿಲ್ಲ’ ಅಂದರು. ಪಿಜಿಯಲ್ಲಿ ಎಂತ ಇತ್ತು? ಉದ್ದ ಕೂದಲು ಕತ್ತರಿಸಿ ಬಂದೆ, ಅಮ್ಮ ಇವತ್ತಿಗೂ ಹೇಳ್ತಾರೆ. ಆದರೂ ಬಿಟ್ಟು ಓಡಿ ಬರಲಿಲ್ಲ, ಕೆಲವರ ಹಾಗೆ.

ಹಾಸನದವ:
‘ಬೇರೆ ಒಪ್ಪಂದ ಇಲ್ಲದಿದ್ದರೆ’ ಮೂರು ತಿಂಗಳು ಅಂತ ಅದೇ ಕಾಯ್ದೆಯಲ್ಲಿದೆ ಮೇಡಂ, ಪೂರ್ತಿ ಓದಿ. ನಾನು ಓಡಿ ಬಂದವನಲ್ಲ, ಪ್ರಾಜೆಕ್ಟ್ ಮುಗಿದು ಬಂದವನು.

ಹುಬ್ಳಿಯಾಂವ:
ಚೆನ್ನೈ ಉಸಾಬರಿ ಯಾಕ್ ಬೇಕ್ರಿ? ಪುಣೆ ನೋಡ್ರಿ. ನಾ ಹಿಂಜವಡಿಗೆ ಬಂದಾಗ ಮರಾಠಿನೂ ಇಲ್ಲ, ಹಿಂದಿನೂ ಇಲ್ಲ. ವಾಕಡದಾಗ ಮೂರು ಮಂದಿ ಕೂಡಿ ಮನಿ ಹಿಡದ್ವಿ, ತಲಿಗೆ 6,000. ಮೆಸ್ಸಿಗೆ 3,200, ಜ್ವಾಳದ ಭಾಕರಿ ಸಿಗ್ತೈತಿ. ಆದ್ರ ರವಿವಾರ ರಾತ್ರಿ ಮೆಸ್ ಬಂದ್. ಮೊದಲನೇ ರವಿವಾರ ಇದು ಯಾರೂ ಹೇಳಿದ್ದಿಲ್ಲ, ಬಿಸ್ಕೀಟ್ ತಿಂದು ಮಲಗೀನಿ. ಅಗ್ರಿಮೆಂಟ್ ರಜಿಸ್ಟರ್ ಮಾಡಸಾಕ ಏಜೆಂಟ್ 2,500 ಇಸ್ಕೊಂಡ. ಟ್ರಾಫಿಕ್ ಬಗ್ಗೆ ಕೇಳಬ್ಯಾಡ್ರಿ. ಹಬ್ಬಕ್ಕ ಮಾತ್ರ ರಾತ್ರಿ ಬಸ್ ಹತ್ತಿದ್ರ ಮುಂಜಾನಿ ಹುಬ್ಳಿ.

ಉಡುಪಿಯವಳು:
ಅವರಿಗೆ ಕೆಲಸ ಸಿಕ್ಕಿದ್ದು ಚೆನ್ನೈಯಲ್ಲಿ. ಭಾಕರಿ ತಿನ್ನಲಿಕ್ಕೆ ಪುಣೆಗೆ ಹೋಗಬೇಕಾ?

ಹುಬ್ಳಿಯಾಂವ:
ದಾವಣಗೆರಿ ಮಂದಿ ರೊಟ್ಟಿ ತಿನ್ನೋರೇ ಅದಾರ್ರಿ. ನಿಮಗ ಕುಚ್ಚಲಕ್ಕಿ ಸಿಕ್ರ ಸಾಕು, ಎಲ್ಲಾರಿಗೂ ಹಂಗs ಏನು?

ಮೈಸೂರ್ ಪಾಕ್:
ಬೆಂಗಳೂರಿಗೆ ಬಂದವರು ಕನ್ನಡ ಕಲೀಬೇಕು ಅಂತ ಗಂಟಲು ಹರ್ಕೊಳ್ಳೋದು ನಾವೇ, ಶೋಲಿಂಗನಲ್ಲೂರಲ್ಲಿ ಮನೆ ಮಾಡಿಕೊಂಡು ತಮಿಳು ಕಲಿಯದೆ ಓನರನ್ನ ಬೈಯೋದೂ ನಾವೇ.

ಹಾಸನದವ:
ತಮಿಳು ಕಲೀಲಿಲ್ಲ ಅಂತ ಎಲ್ಲಿ ಬರೆದಿದ್ದೀನಿ, ತೋರಿಸಿ. ತರಕಾರಿ, ಆಟೋ, ಬಸ್ಸು ಎಲ್ಲಾ ತಮಿಳಲ್ಲೇ ನಡೆಸ್ತಿದ್ದೆ. ಗೀಸರ್ ಜಗಳ ಆಡೋವಷ್ಟು ಬರ್ತಿರಲಿಲ್ಲ, ಅಷ್ಟೆ. ನೀವು ಮೈಸೂರು ಬಿಟ್ಟು ಎಲ್ಲಿ ಇದ್ರಿ?

ಮೈಸೂರ್ ಪಾಕ್:
ಅದು ಇಲ್ಲಿ ಬೇಡ.

ದಾವಣಗೆರೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. 60,000 ಅಡ್ವಾನ್ಸ್ ನಮ್ಮನೇಲಿ ಆಗೋ ಮಾತಲ್ಲ, ಸದ್ಯ ಪಿಜಿ. ಅಲ್ಲೂ ಕರೆಂಟ್ ಬೇರೆ ಕಟ್ಟಬೇಕಾ?

ಉಡುಪಿಯವಳು:
ಎಸಿ ರೂಮಾದರೆ ಬೇರೆ. ನಮ್ಮಲ್ಲಿ ಫ್ಯಾನಿನ ರೂಮಿಗೆ ಬಾಡಿಗೆಯಲ್ಲೇ ಸೇರಿತ್ತು.

ಹಾಸನದವ:
ನನ್ನ ಫ್ರೆಂಡ್ ಇದ್ದ ಪಿಜಿಯಲ್ಲಿ ಫ್ಯಾನಿನ ರೂಮಿಗೂ ತಿಂಗಳಿಗೆ 400 ಇಸ್ಕೊಳ್ತಿದ್ರು. ಎಲ್ಲಾ ಕಡೆ ನಿಮ್ಮ ಪಿಜಿ ಥರಾನೇ ಅಂದುಕೊಳ್ಳಬೇಡಿ.