ಕೋಣೆಯನ್ನೂ ಅಂಗಳವನ್ನೂ ಬೆಸೆಯುವ ಸರಳ ವಿಶ್ರಾಂತಿ ಮನೆ

ಪ್ರಶ್ನೆ: ಮರಗಳ ನಡುವೆ ಒಂದೇ ಕೋಣೆಯ ವಿಶ್ರಾಂತಿ ಮನೆಯನ್ನು ಕಟ್ಟಬೇಕೆಂದಿದ್ದೇನೆ. ಕೋಣೆಯೂ ಅಂಗಳವೂ ಒಂದೇ ಜಾಗವೆನಿಸಬೇಕು, ಆದರೆ ಮಳೆನೀರು ಒಳನುಗ್ಗಬಾರದು. ದೊಡ್ಡ ಗಾಜಿನ ಗೋಡೆಯೊಂದೇ ಇದಕ್ಕೆ ದಾರಿಯೇ?

ಉತ್ತರ 1: ಗಾಜು ನೋಟವನ್ನಷ್ಟೇ ಒಳಗೆ ತರುತ್ತದೆ, ಗಾಳಿ, ಮಣ್ಣಿನ ವಾಸನೆ, ಎಲೆಗಳ ಸದ್ದು ಹೊರಗೇ ಉಳಿಯುತ್ತವೆ. ನನ್ನ ದೃಷ್ಟಿಯಲ್ಲಿ ಜಗಲಿಯೇ ಇಂಥ ಮನೆಯ ಜೀವ. ಅದರ ಅಗಲ 6 ಅಡಿಗಿಂತ ಕಡಿಮೆಯಾದರೆ, ಕುರ್ಚಿ ಹಾಕಿದ ಮೇಲೆ ಓಡಾಡಲು ಜಾಗ ಸಾಲದೆ ಜನರು ಅಲ್ಲಿ ಕೂರುವುದನ್ನೇ ಬಿಡುತ್ತಾರೆ. 8 ಅಡಿಯಿದ್ದರೆ ಊಟವೂ ನಿದ್ದೆಯೂ ಅಲ್ಲಿಯೇ ಸಾಧ್ಯ.

ಉತ್ತರ 2: ಜಗಲಿಯ ನೆಲಕ್ಕೆ ಮೀಟರಿಗೆ 1ರಿಂದ 2 ಸೆಂಟಿಮೀಟರಿನಷ್ಟು ಹೊರಇಳಿಜಾರು ಕೊಟ್ಟು, ಸೂರನ್ನು ಅದರ ಅಂಚಿನಿಂದಾಚೆಗೂ ಚಾಚಿಸಿದರೆ, ಹೊಸ್ತಿಲನ್ನು ಹೆಚ್ಚು ಎತ್ತರಿಸದೆ ನೀರನ್ನು ತಡೆಯಬಹುದು. ಮರದ ಕಂಬಗಳನ್ನು ಕಲ್ಲಿನ ಪೀಠದ ಮೇಲೆಯೇ ನಿಲ್ಲಿಸಿರಿ. ಮಣ್ಣಿನ ತೇವ ಬುಡವನ್ನು ಕೊಳೆಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಜಗಲಿಯನ್ನು 8 ಅಡಿಗೆ ಹಿಗ್ಗಿಸಿ, ನಕ್ಷೆಯನ್ನು ಮತ್ತೆ ಬರೆಯುತ್ತೇನೆ.